ಮೊಸರನ್ನ ತಿಂದ ನೀರುನಾಯಿ

ಕಳೆದ ತಿಂಗಳು ಕೊಪ್ಪದಲ್ಲಿ ನಮ್ಮನೆಯವರಿಗೆ ನಿವೃತ್ತಿಯ ಸನ್ಮಾನ ನಡೆಯಿತು. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ಊರೂರು ತಿರುಗಿ ಕೊನೆಗೆ ಅಲ್ಲಿಯೇ ಕೆಲಸ ಮುಗಿಸಿದವರು. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ನನ್ನನ್ನೂ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಕೊರಳಿಗೊಂದು ಹಾರ ಹಾಕಿದರು. ನಮ್ಮ ಬೆನ್ನ ಹಿಂದೆ ಗೋಡೆಯಷ್ಟು ಅಗಲದ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಇಪ್ಪತ್ತು ವರ್ಷ ಹಿಂದಿನ ಫೋಟೋ. ಕಪ್ಪು ಮೀಸೆಯ ಇವರು ನಗುತ್ತಿದ್ದಾರೆ, ಹೆಗಲ ಮೇಲೆ ಒಂದು ನೀರುನಾಯಿ ಮರಿ ಕೂತಿದೆ.

ಭಾಷಣಕ್ಕೆ ನಿಂತವರೊಬ್ಬರು ಆ ಫೋಟೋ ತೋರಿಸಿ ಹೇಳಿದರು: "ಇವರ ಪ್ರಾಣಿಪ್ರೀತಿ ಎಂಥದ್ದು ನೋಡಿ. ಇವರ ಮನೆಯ ಸಂಸ್ಕಾರ ಎಂಥದ್ದು ನೋಡಿ. ಮೀನು ತಿನ್ನೋ ನೀರುನಾಯಿ ಇವರ ಮನೇಲಿ ಮೊಸರನ್ನ ತಿಂತಿತ್ತು!" ಸಭೆಗೆ ಸಭೆಯೇ ಚಪ್ಪಾಳೆ ಹೊಡೆಯಿತು. ಇವರು ತಲೆ ತಗ್ಗಿಸಿ ನಕ್ಕರು, ಅಯ್ಯೋ ಅದೆಲ್ಲ ಎಂತ ದೊಡ್ಡದು ಎನ್ನುವ ಹಾಗೆ. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. "ಅಮ್ಮನವರೂ ಎರಡು ಮಾತಾಡಲಿ" ಎಂದು ಮೈಕು ನನ್ನ ಮುಂದೆ ತಂದರು. ನಾನು ಕೈ ಮುಗಿದು ಮೈಕು ಆಚೆ ಸರಿಸಿದೆ. ಆಗ ಆಡದೆ ಬಿಟ್ಟ ಮಾತನ್ನು ಈಗ ಬರೆಯುತ್ತಿದ್ದೇನೆ.

ಆ ವರ್ಷ ನಾವು ನರಸಿಂಹರಾಜಪುರದಲ್ಲಿದ್ದೆವು. ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸು, ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಿಲ ಕಡೆ ಸಿಮೆಂಟಿನ ತೊಟ್ಟಿ ಇರುವ ಬಚ್ಚಲು. ಇವರು, ನಾನು, ನಾಲ್ಕನೇ ಕ್ಲಾಸಿನ ಮಗಳು ಸುಮಾ, ಮತ್ತು ನಮ್ಮ ಅತ್ತೆ. ಅತ್ತೆಗೆ ಮಡಿ ಎಂದರೆ ಮಡಿ. ಮೀನಿನ ಗಾಡಿ ಪೇಟೆಯಲ್ಲಿ ಹಾರ್ನ್ ಹೊಡೆದರೆ ಮೂಗಿಗೆ ಸೆರಗು ಹಿಡಿಯುವವರು. ನಾನೂ ಅದೇ ಥರದ ಮನೆಯಲ್ಲಿ ಹುಟ್ಟಿದವಳು, ನನ್ನ ಮೂಗೂ ಅದೇ ಥರದ್ದು.

ಇವರಿಗೆ ಪ್ರಾಣಿ ಎಂದರೆ ಜೀವ. ಅದು ಸುಳ್ಳಲ್ಲ. ಮನೆಗೆ ರೆಕ್ಕೆ ಮುರಿದ ಗೂಬೆ ಬಂತು, ಕರೆಂಟು ಹೊಡೆಸಿಕೊಂಡ ಮಂಗನ ಮರಿ ಬಂತು, ಕಣ್ಣು ಬಿಡದ ಪುನುಗಿನ ಮರಿ ಬಂತು. ಪ್ರತಿ ಸಲವೂ ಬಾಗಿಲಲ್ಲಿ ಅದೇ ಮಾತು: "ಎರಡು ದಿನ ಅಷ್ಟೇ ಮಾರಾಯ್ತಿ." ಎರಡು ದಿನ ಎಂದರೆ ಎರಡು ತಿಂಗಳು. ಬೆಳಿಗ್ಗೆ ಎದ್ದು ಹಾಲು ಕಾಯಿಸುವುದು ನಾನು, ಹೇಲು ಬಾಚುವುದು ನಾನು, ಪರಚಿಸಿಕೊಳ್ಳುವುದು ನಾನು. ಸಂಜೆ ನಾಲ್ಕು ಜನರನ್ನು ಕರೆತಂದು ತೋರಿಸುವುದು ಇವರು. ದಯೆ ಇವರದ್ದು, ಚಾಕರಿ ನನ್ನದು.

ಬೇಸಿಗೆ ಶುರುವಾಗಿ ಭದ್ರಾ ಹಿನ್ನೀರು ಇಳಿಯುತ್ತಿತ್ತು. ಮುಳುಗಿದ್ದ ಮರದ ಬೊಡ್ಡೆಗಳೆಲ್ಲ ಮೇಲೆದ್ದು, ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಒಂದು ಮಧ್ಯಾಹ್ನ ಇವರು ಲಸಿಕೆ ಇಡುವ ನೀಲಿ ಪೆಟ್ಟಿಗೆ ಹಿಡಿದು ಬಂದರು. ಹಿಂದೆಯೇ ಹಿನ್ನೀರಿನಲ್ಲಿ ಮೀನು ಹಿಡಿಯುವ ದ್ಯಾವಣ್ಣ. ಪೆಟ್ಟಿಗೆ ತೆರೆದರೆ ಒಳಗೆ ಕಂದುಬಣ್ಣದ ಎರಡು ಮರಿ, ಒಂದರ ಕತ್ತಿನ ಮೇಲೆ ಇನ್ನೊಂದರ ತಲೆ. ತಾಯಿ ದ್ಯಾವಣ್ಣನ ಬಲೆಗೆ ಸಿಕ್ಕಿ ಉಸಿರುಗಟ್ಟಿ ಸತ್ತಿತ್ತಂತೆ. ಬಲೆ ಹರಿಯುವ ನೀರುನಾಯಿಗಳನ್ನು ದಿನಾ ಬೈಯುವ ಮನುಷ್ಯ, ಬೊಡ್ಡೆಯ ಬುಡದಲ್ಲಿ ಮರಿಗಳ ಕೂಗು ಕೇಳಿ ಬಿಟ್ಟುಬರಲಾರದೆ ಎತ್ತಿಕೊಂಡು ಬಂದಿದ್ದ.

"ಅರಣ್ಯದವರಿಗೆ ಒಪ್ಪಿಸೋದಲ್ವಾ?" ಎಂದೆ.

"ನಾನು ಪಶು ಇಲಾಖೆಯವ. ಅವರಿಗಿಂತ ನಂಗೆ ಗೊತ್ತಿಲ್ವಾ?" ಎಂದರು ಇವರು.

ದ್ಯಾವಣ್ಣ ಹೊರಡುವಾಗ ಹಿತ್ತಿಲ ಬಾಗಿಲಿಗೆ ಬಂದು ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದ: "ಅಮ್ಮಾ, ಹಲ್ಲು ಬಂದಿದಾವೆ ಇವಕ್ಕೆ. ಇನ್ನು ಬರೀ ಹಾಲಲ್ಲಿ ಬದ್ಕಲ್ಲ. ಮೀನು ಬೇಕು. ನಾನೇ ತಂದ್ಕೊಡ್ತೀನಿ, ನೀವು ಹೂಂ ಅಂದ್ರೆ ಸಾಕು."

ನಾನು ಹೂಂ ಎನ್ನಲಿಲ್ಲ. ಆ ಒಂದು ಹೂಂ ಹೇಳಲು ನನಗೆ ಒಂದು ತಿಂಗಳು ಹಿಡಿಯಿತು. ಇವರ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟೇ ಸಿಟ್ಟು ನನಗೆ ಆ ಬಾಗಿಲಲ್ಲಿ ನಿಂತ ನನ್ನ ಮೇಲೂ ಇದೆ.

ಬಚ್ಚಲಲ್ಲಿ ಗೋಣಿಚೀಲ ಹಾಸಿ ಅವನ್ನು ಬಿಟ್ಟೆವು. ಮಾರನೇ ದಿನವೇ ಸುಮಾ ಹೆಸರಿಟ್ಟಳು. ದಪ್ಪ ಇದ್ದದ್ದು ತಂಬಿಗೆ, ಸಣ್ಣದು ಲೋಟ. ಬಚ್ಚಲಲ್ಲಿ ಇರುವವಕ್ಕೆ ಬಚ್ಚಲಿನ ಹೆಸರೇ ಸರಿ ಎಂದು ಅವಳ ವಾದ. ಅವು ಬಂದ ಮೇಲೆ ನಮ್ಮ ಸ್ನಾನಕ್ಕೆ ಹೊತ್ತು ಗೊತ್ತು ಇಲ್ಲವಾಯಿತು. ಸೋಪು ಕದ್ದು ತೊಟ್ಟಿಯೊಳಗೆ ಹಾಕುತ್ತಿದ್ದವು. ಅತ್ತೆಯ ಮಡಿಸೀರೆ ಎಳೆದು ಅದರ ಮೇಲೆ ಹೊರಳಿ ಮೈ ಒರೆಸಿಕೊಳ್ಳುತ್ತಿದ್ದವು. "ಈ ದರಿದ್ರದವು ನನ್ನ ಮಡಿ ತೆಗೀಲಿಕ್ಕೇ ಹುಟ್ಟಿದ್ದು" ಎಂದು ಅತ್ತೆ ದಿನಕ್ಕೆ ಮೂರು ಸಲ ಸ್ನಾನ ಮಾಡುತ್ತಿದ್ದರು. ಮಾಡುವಾಗ ಅವಕ್ಕೂ ಒಂದು ಚೊಂಬು ನೀರು ಹೊಯ್ಯುತ್ತಿದ್ದರು, ನಾವು ನೋಡಲಿಲ್ಲ ಎಂದುಕೊಂಡು.

ಊಟದ ಪ್ರಶ್ನೆ ಬಂದಾಗ ನಾನು ದ್ಯಾವಣ್ಣನ ಮಾತು ಇವರ ಕಿವಿಗೆ ಹಾಕಿದೆ. ಇವರು ನಕ್ಕುಬಿಟ್ಟರು.

"ಶೃಂಗೇರಿ ಹೊಳೇಲಿ ಅಷ್ಟಷ್ಟು ದೊಡ್ಡ ಮೀನು ಇದಾವಲ್ಲ, ಎಂತ ತಿಂತಾವೆ? ಜನ ಹಾಕಿದ ಮಂಡಕ್ಕಿ. ಮೀನೇ ಮಂಡಕ್ಕಿ ತಿಂದು ಬದುಕ್ತದೆ ಅಂದ್ರೆ, ನೀರುನಾಯಿ ಮೊಸರನ್ನ ತಿಂದು ಬದುಕಲ್ವಾ? ಎಲ್ಲ ಅಭ್ಯಾಸ ಮಾರಾಯ್ತಿ."

ನಮ್ಮಂಥವರಿಗೆ ಮಾತ್ರ ಹೊಳೆಯುವ ಬುದ್ಧಿ ಇದು. ದನದ ಬಾಯಿ, ದನದ ಹೊಟ್ಟೆ ನೋಡಿ ಗೊತ್ತಿದ್ದ ಮನುಷ್ಯ, ಆ ಮರಿಗಳ ಸೂಜಿಯಂಥ ಹಲ್ಲು ಕಣ್ಣೆದುರಿಗೇ ಇದ್ದರೂ ನೋಡಲಿಲ್ಲ. ಹಾಲು ಕೊಟ್ಟೆವು. ಆಮೇಲೆ ರಾಗಿ ಗಂಜಿ. ಆಮೇಲೆ ಮೊಸರನ್ನ. ಹಸಿವು ತಡೆಯಲಾರದೆ ಅವು ನೆಕ್ಕಿದವು. ನೆಕ್ಕಿದ್ದೇ ತಡ, ಇವರು ಊರೆಲ್ಲ ಸಾರಿಕೊಂಡು ಬಂದರು.

ಸಂಜೆಯಾದರೆ ಬಚ್ಚಲ ಬಾಗಿಲಲ್ಲಿ ಜಾತ್ರೆ. ಆಫೀಸಿನವರು, ಮೇಷ್ಟ್ರುಗಳು, ಹಸುವಿನ ಔಷಧಿಗೆಂದು ಬಂದವರು. ನಾನು ತಟ್ಟೆಯಲ್ಲಿ ಮೊಸರನ್ನ ತಂದಿಡಬೇಕು, ಇವರು "ನೋಡಿ ನೋಡಿ" ಎನ್ನಬೇಕು. ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿದ್ದ ಮರಿಗಳು ಕುಂಯ್ಗುಡುತ್ತ ಬಂದು ನೆಕ್ಕುತ್ತಿದ್ದವು. "ಏನ್ ಸಂಸ್ಕಾರ ಮಾರಾಯ್ರೆ ನಿಮ್ಮನೇದು!" ಎನ್ನುತ್ತಿದ್ದರು ಜನ. ನಾಲ್ಕು ಅಗುಳು ನೆಕ್ಕಿ ಉಳಿದದ್ದನ್ನು ಅವು ಬಿಟ್ಟುಹೋಗುತ್ತಿದ್ದದ್ದು ಯಾರಿಗೂ ಕಾಣುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಎಲ್ಲರೂ ಜಗಲಿಯಲ್ಲಿ ಕೂತು ನನ್ನ ಕಾಫಿ ಕುಡಿಯುತ್ತಿದ್ದರು.

ತಂಬಿಗೆ ಮೊದಲು ಸೊರಗಿತು. ದಪ್ಪಗಿದ್ದದ್ದಲ್ಲವೇ, ಅದಕ್ಕೆ ಹಸಿವೂ ಹೆಚ್ಚು. ಭೇದಿ ಶುರುವಾಯಿತು. ಮೈಯ ಹೊಳಪು ಹೋಗಿ ಕೂದಲು ಹಳೇ ಬ್ರಷ್ಷಿನ ಹಾಗೆ ಗಂಟುಗಟ್ಟಿತು. ಇವರು ಕರುಗಳಿಗೆ ಕೊಡುವ ಪುಡಿಯನ್ನು ನೀರಲ್ಲಿ ಕದಡಿ ಕುಡಿಸಿದರು. "ಮೊಸರು ಇನ್ನೂ ಸ್ವಲ್ಪ ಜಾಸ್ತಿ ಹಾಕು, ಹೊಟ್ಟೆಗೆ ತಂಪು" ಎಂದರು. ನಾನು ಹಾಕಿದೆ. ನಾಲ್ಕನೇ ದಿನ ಸುಮಾ ಸ್ಕೂಲಿನಿಂದ ಬಂದು ಬಚ್ಚಲಿಗೆ ಓಡಿದವಳು ಅಲ್ಲಿಂದಲೇ ಕೂಗಿದಳು. ತಂಬಿಗೆ ಗೋಣಿಯ ಮೇಲೆ ಕಾಲು ಚಾಚಿ ಮಲಗಿತ್ತು, ಲೋಟ ಅದರ ಕಿವಿ ಕಚ್ಚಿ ಎಬ್ಬಿಸಲು ಎಳೆಯುತ್ತಿತ್ತು.

ಹಿತ್ತಿಲಲ್ಲಿ ಹೂತು ಬಂದ ಮೇಲೆ ಅತ್ತೆ ತೊಟ್ಟಿಯ ಪಕ್ಕ ಕೂತು ತಲೆಯ ಮೇಲೆ ತಣ್ಣೀರು ಸುರಿದುಕೊಂಡರು. "ನೀನೂ ಹೊಯ್ಕೋ. ಮನೆಯೊಳಗೆ ಒಂದು ಜೀವ ಹೋಗಿದೆ" ಎಂದರು. ನಾನು ಹೊಯ್ದುಕೊಂಡೆ. ಒದ್ದೆ ತಲೆಯಲ್ಲೇ ಅವರು ಲೋಟವನ್ನು ನೋಡುತ್ತ ಕೂತಿದ್ದವರು, ನಾನು ಜನ್ಮದಲ್ಲಿ ಅವರ ಬಾಯಿಂದ ಕೇಳುತ್ತೇನೆಂದು ಎಣಿಸಿರದ ಮಾತು ಹೇಳಿದರು.

"ಆ ಮೀನಿನವನಿಗೆ ಹೇಳಿಕಳಿಸು."

"ಅತ್ತೆ, ಮಡಿ..."

"ನನ್ನ ಮಡಿ ನಾನು ನೋಡ್ಕಳ್ತೀನಿ. ಅದರ ಹೊಟ್ಟೆಗೆ ಎಂತ ಬೇಕೋ ಅದನ್ನ ಕೊಡು. ಅಡುಗೆಮನೆ ಹೊಸ್ತಿಲು ದಾಟಿಸಬೇಡ, ಅಷ್ಟೇ."

ಮಾರನೇ ಬೆಳಿಗ್ಗೆ ದ್ಯಾವಣ್ಣ ಬಾಳೆ ಎಲೆಯಲ್ಲಿ ಸಣ್ಣ ಮೀನು ಕಟ್ಟಿ ತಂದ. ಮೊದಲ ದಿನ ನನಗೆ ವಾಂತಿಯಾಯಿತು. ಎರಡನೇ ದಿನವೂ ಆಯಿತು. ಮೂರನೇ ದಿನ ಹಳೇ ಕತ್ತಿಯೊಂದನ್ನು ಬಚ್ಚಲಿಗೆಂದೇ ಇಟ್ಟು, ದ್ಯಾವಣ್ಣ ತೋರಿಸಿದ ಹಾಗೆ ಹೊಟ್ಟೆ ಸೀಳಿ, ದೊಡ್ಡ ಮುಳ್ಳು ಬಿಡಿಸಿ, ಬೆರಳಲ್ಲಿ ಹಿಡಿದು ಕೊಟ್ಟೆ. ಲೋಟ ಎರಡು ಮುಂಗೈಯಲ್ಲೂ ಹಿಡಿದು, ಕಣ್ಣು ಮುಚ್ಚಿ, ಕಟಕಟ ಅಗಿಯಿತು. ಆ ಸದ್ದು ಕೇಳಿ ಅತ್ತೆ ಒಳಗಿನಿಂದಲೇ "ತಿಂತಾ?" ಎಂದರು. ನನಗೆ ಅಳು ಬಂತು.

ಅಷ್ಟಾದರೆ ಮನೆಯಲ್ಲಿ ಎಲ್ಲರೂ ಸಂತೋಷಪಡಬೇಕಲ್ಲ? ಪ್ರಾಣಿಪ್ರೇಮಿ ಸಾಹೇಬರಿಗೆ ಸಿಟ್ಟು ಬಂತು!

"ಕ್ವಾರ್ಟರ್ಸಿನಲ್ಲಿ ನಮ್ಮ ಹಿತ್ತಿಲಿಂದ ಮೀನಿನ ವಾಸನೆ ಬಂದ್ರೆ ಜನ ಎಂತ ಹೇಳ್ತಾರೆ? ನಾನು ಎಲ್ಲರ ಹತ್ರ ಎಂತ ಹೇಳಿ ಇಟ್ಟಿದೀನಿ, ನಿಂಗೆ ಗೊತ್ತಿಲ್ವಾ?"

"ತಂಬಿಗೆ ಸತ್ತದ್ದು ನಿಮಗೆ ಗೊತ್ತಿಲ್ವಾ?" ಎಂದೆ.

ಇವರು ದನಿ ತಗ್ಗಿಸಿದರು. ಮೀನು ಬೆಳಿಗ್ಗೆ ಬೇಗ ಕೊಡು, ಮುಳ್ಳೆಲ್ಲ ಹೂತುಹಾಕು, ಯಾರಿಗೂ ಹೇಳಬೇಡ ಎಂದರು. ನಾನು ಒಪ್ಪಿಕೊಂಡೆ, ಮರಿಯ ಹೊಟ್ಟೆ ತುಂಬಿದರೆ ಸಾಕು ಎಂದು. ಇವರು ಸಂಜೆ ಮೊಸರನ್ನದ ತಟ್ಟೆ ಇಟ್ಟು ಮೊದಲಿನ ಹಾಗೆ ಹೇಳಿಕೊಳ್ಳುತ್ತಲೇ ಇದ್ದರು. ಹೊಟ್ಟೆ ತುಂಬಿದ ಲೋಟ ತಟ್ಟೆಯನ್ನು ಮೂಸಿ ಮಗುಚಿ ಹಾಕುತ್ತಿತ್ತು. "ಇವತ್ತು ಹುಷಾರಿಲ್ಲ" ಎನ್ನುತ್ತಿದ್ದರು ಇವರು. ಆ ಸುಳ್ಳನ್ನು ಅಂದೇ ಎಲ್ಲರೆದುರು ಹರಿದುಹಾಕದೆ ಬಿಟ್ಟದ್ದು ನನ್ನ ಎರಡನೇ ತಪ್ಪು.

ಒಂದು ತಿಂಗಳಲ್ಲಿ ಲೋಟ ಮೊಳಕ್ಕಿಂತ ಉದ್ದವಾಯಿತು. ನನ್ನ ಬಳೆ ಸದ್ದು ಕೇಳಿದರೆ ಸೀಟಿ ಹೊಡೆಯುತ್ತಿತ್ತು. ದ್ಯಾವಣ್ಣ ಹೇಳಿದ: "ಅಮ್ಮಾ, ಇದಕ್ಕೆ ನೀರು ಕಲಿಸ್ಬೇಕು. ಮಳೆ ಹಿಡಿಯೋದ್ರೊಳಗೆ ತಾನೇ ಹಿಡ್ಕಂಡು ತಿನ್ನೋದು ಕಲ್ತ್ರೆ, ಆಚೆ ದಡದಾಗೆ ಇದರ ಜನ ಇದಾವೆ, ಸೇರ್ಕಂತದೆ." ರಜೆ ಬಂದಿತ್ತು. ಸುಮಾ ಮತ್ತು ನಾನು ದಿನಾ ಸಂಜೆ ಅದನ್ನು ಕುಕ್ಕೆಯಲ್ಲಿ ಹೊತ್ತು ಹಿನ್ನೀರಿಗೆ ಹೋಗುತ್ತಿದ್ದೆವು. ನೀರಿಗೆ ಹುಟ್ಟಿದ ಪ್ರಾಣಿ ನೀರು ಕಂಡು ಹೆದರಿ ನನ್ನ ಸೀರೆ ಹತ್ತಿತು. ಮೊಣಕಾಲಿನವರೆಗೆ ನಾನೇ ಇಳಿದೆ. ಹತ್ತು ದಿನಕ್ಕೆ ಈಜಿತು. ಒಂದು ದಿನ ಮುಳುಗಿ ಎದ್ದಾಗ ಬಾಯಲ್ಲಿ ಬೆರಳುದ್ದದ ಮೀನು ಇತ್ತು. ಸುಮಾ ಕುಣಿದಳು, ದ್ಯಾವಣ್ಣ ದೋಣಿಯಲ್ಲಿ ನಿಂತು ಚಪ್ಪಾಳೆ ತಟ್ಟಿದ. ಇನ್ನು ಹದಿನೈದು ದಿನ ಸಾಕು ಎಂದ.

ಫೋಟೋ ತೆಗೆದದ್ದು ಆ ವಾರವೇ. ಇವರ ಸಹೋದ್ಯೋಗಿಯೊಬ್ಬರು ಕ್ಯಾಮರಾ ತಂದಿದ್ದರು. ಲೋಟ ಇವರ ಹೆಗಲ ಮೇಲೆ ಒಂದು ಕ್ಷಣವೂ ನಿಲ್ಲಲಿಲ್ಲ. ನಾನು ಮೀನು ಹಿಡಿದು ಎದುರಿಗೆ ನಿಂತೆ, ಆಗ ನಿಂತಿತು. "ನೀನು ಆಚೆ ಸರಿ, ಮೀನು ಬೀಳಬಾರದು ಫೋಟೋದಲ್ಲಿ" ಎಂದರು ಇವರು. ನಾನು ಸರಿದೆ.

ಬೇಗಾರಿನಲ್ಲಿ ನನ್ನ ತಮ್ಮನ ಮದುವೆ ಇತ್ತು. ತವರಿನ ಮದುವೆ ಬಿಡುವುದು ಹೇಗೆ? ಅತ್ತೆಯನ್ನೂ ಸುಮಾಳನ್ನೂ ಕರೆದುಕೊಂಡು ಹೊರಟೆ. ಇವರು ಧಾರೆಯ ದಿನ ಬಂದು, ಗಲಾಟೆಯಲ್ಲಿ ನನ್ನ ಮಾತಿಗೂ ಸಿಗದೆ ಅವತ್ತೇ ತಿರುಗಿ ಹೋದರು. ನಾನು ಮನೆಯಿಂದ ಹೊರಡುವಾಗ ಹತ್ತು ಸಲ ಹೇಳಿದ್ದೆ, ದ್ಯಾವಣ್ಣ ಮೀನು ತರುತ್ತಾನೆ, ಹೊತ್ತಿಗೆ ಸರಿಯಾಗಿ ಕೊಡಿ ಎಂದು. "ಆಯ್ತು ಮಾರಾಯ್ತಿ" ಎಂದಿದ್ದರು. ಮದುವೆ, ಬೀಗರ ಊಟ, ಅದು ಇದು ಎಂದು ಹನ್ನೆರಡು ದಿನ ಕಳೆದು ಮನೆಗೆ ಬಂದರೆ ಬಚ್ಚಲು ತೊಳೆದು ಒಣಗಿತ್ತು. ಗೋಣಿಚೀಲವೂ ಇರಲಿಲ್ಲ.

"ಕಮ್ಮರಡಿ ಕಡೆಯ ಒಬ್ಬ ಎಸ್ಟೇಟಿನವರು ಕೇಳಿದ್ರು, ಕೊಟ್ಟೆ. ತೋಟದೊಳಗೆ ದೊಡ್ಡ ತೊಟ್ಟಿ ಉಂಟು ಅವರಿಗೆ. ನಮ್ಮ ಬಚ್ಚಲಿಗಿಂತ ಎಷ್ಟೋ ವಾಸಿ" ಎಂದರು ಇವರು, ಪೇಪರಿನಿಂದ ತಲೆಯೆತ್ತದೆ.

"ಯಾವಾಗ?"

"ನೀವು ಹೋದ ಮಾರನೇ ದಿನ."

"ಮೀನು ಹಾಕ್ಬೇಕು ಅಂತ ಹೇಳಿದ್ರಾ?"

ಇವರು ಪುಟ ಮಗುಚಿದರು. ಪೇಪರು ಕಿತ್ತು ಬಿಸಾಡಿದೆ. ಮದುವೆಯಾದ ಮೇಲೆ ಮೊದಲ ಸಲ ಅವರ ಕೈಯಿಂದ ಏನನ್ನಾದರೂ ಕಿತ್ತದ್ದು.

"ಹೇಳಿದ್ರಾ ಇಲ್ವಾ?"

"ಹೇಗೆ ಹೇಳೋದು? ಅವರು ಮೊಸರನ್ನ ತಿನ್ನೋ ನೀರುನಾಯಿ ಅಂತಲೇ ಆಸೆಪಟ್ಟು ತಗಂಡು ಹೋದದ್ದು."

ಮಾರನೇ ಬೆಳಿಗ್ಗೆ ದ್ಯಾವಣ್ಣನಿಂದ ಮೀನು ತರಿಸಿ, ಹೆಚ್ಚಿ, ಸುಮಾಳ ಊಟದ ಡಬ್ಬಿಗೇ ತುಂಬಿ ಮೊದಲ ಬಸ್ಸು ಹತ್ತಿದೆ. ಕೊಪ್ಪದಲ್ಲಿ ಬಸ್ಸು ಬದಲಿಸಿದೆ. ಬಿಸಿಲಿಗೆ ಡಬ್ಬಿ ನಾರತೊಡಗಿತು. ಪಕ್ಕದಲ್ಲಿ ಕೂತ ಹೆಂಗಸು ನನ್ನ ಕುಂಕುಮ, ಮೂಗುತಿ, ಡಬ್ಬಿ ಎಲ್ಲವನ್ನೂ ನೋಡಿ ಬೇರೆ ಸೀಟಿಗೆ ಎದ್ದು ಹೋದಳು. ಹೋಗಲಿ ಎಂದುಕೊಂಡೆ. ಕಮ್ಮರಡಿಯಲ್ಲಿ ಇಳಿದು ವಿಚಾರಿಸಿಕೊಂಡು ಎಸ್ಟೇಟಿನ ಗೇಟು ಮುಟ್ಟುವಾಗ ಹನ್ನೊಂದು ಗಂಟೆ.

ಸಾಹುಕಾರರು ಊರಲ್ಲಿರಲಿಲ್ಲ. ಮನೆ ನೋಡಿಕೊಳ್ಳುವ ಹೆಂಗಸು ಬಂದಳು. ನಾನು ಯಾರೆಂದು ಹೇಳಿದ್ದೇ ಅವಳ ಮುಖ ಇಳಿಯಿತು. ತೊಟ್ಟಿಯ ಹತ್ತಿರ ಕರೆದೊಯ್ದಳು. ನೀರು ತುಂಬಿತ್ತು, ಪಕ್ಕದಲ್ಲಿ ಸರಪಳಿ ಬಿದ್ದಿತ್ತು. ಅದರ ಬದಿಯಲ್ಲಿ ಸ್ಟೀಲಿನ ತಟ್ಟೆ, ತಟ್ಟೆಯಲ್ಲಿ ಒಣಗಿದ ಮೊಸರನ್ನ.

"ನಿನ್ನೆ ಬೆಳಿಗ್ಗೆ ಹೋಯ್ತು ಅಕ್ಕ" ಎಂದಳು. "ನಾವೇನೂ ಕಮ್ಮಿ ಮಾಡ್ಲಿಲ್ಲ. ಮೂರು ಹೊತ್ತೂ ಹೊಸದಾಗಿ ಕಲಸಿ ಇಡ್ತಿದ್ದೆ. ಅದು ಮುಟ್ತಿರ್ಲಿಲ್ಲ. ನಮ್ಮನೇಲಿ ಮೀನು ಹೆಚ್ಚೋವಾಗ ಸರಪಳಿ ಕಿತ್ಕಂಡು ಬರೋ ಹಾಗೆ ಸೀಟಿ ಹೊಡೀತಿತ್ತು. ಕರುಳು ಚುರುಕ್ ಅಂತಿತ್ತು. ಆದ್ರೂ ಒಂದು ತಲೆ ಕೂಡ ಹಾಕ್ಲಿಲ್ಲ ಅಕ್ಕ. ನಿಮ್ಮಂಥೋರ ಮನೇಲಿ ಬೆಳೆದದ್ದು, ನಾವು ಕೆಡಿಸಿದ್ವಿ ಅಂತ ಆಗಬಾರದಲ್ಲ."

ಅವಳ ಮೇಲೆ ಸಿಟ್ಟು ಮಾಡಲು ನನಗೆ ಬಾಯಿ ಬರಲಿಲ್ಲ. ಮೀನಿರುವ ಮನೆಯಲ್ಲಿ, ಮೀನಿನ ವಾಸನೆಯಲ್ಲಿ, ನಮ್ಮ ಮರ್ಯಾದೆ ಕಾಯಲೆಂದು ಆ ಮರಿಯನ್ನು ಉಪವಾಸ ಕೆಡವಿದ್ದರು. ಹಲಸಿನ ಮರದ ಬುಡದಲ್ಲಿ ಹೂತ ಜಾಗ ತೋರಿಸಿದಳು. ಡಬ್ಬಿ ಬಿಚ್ಚಿ ಅಷ್ಟೂ ಮೀನನ್ನು ಆ ಮಣ್ಣಿನ ಮೇಲೆ ಸುರಿದೆ. ನಾನು ಗೇಟು ದಾಟುವುದರೊಳಗೆ ಕಾಗೆಗಳು ಇಳಿದವು.

ಮನೆಗೆ ಬಂದು ಹೇಳಿದೆ. ಅತ್ತೆ ಬಚ್ಚಲಿಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡರು. ನಾನೂ ಸುಮಾಳೂ ಹೊಯ್ದುಕೊಂಡೆವು. "ನೀನೂ ಬಾರೋ" ಎಂದು ಅತ್ತೆ ಮಗನನ್ನು ಕರೆದರು. "ಪ್ರಾಣಿಗೆಲ್ಲ ಎಂತ ಸೂತಕ" ಎಂದು ಇವರು ಆಸ್ಪತ್ರೆಗೆ ಹೊರಟುಹೋದರು. ಅತ್ತೆ ಸಾಯುವವರೆಗೂ ಆ ಮಾತನ್ನು ಮರೆಯಲಿಲ್ಲ. ನಾನೂ ಮರೆತಿಲ್ಲ.

ಆಮೇಲೆ ಇವರು ಯಾವ ಪ್ರಾಣಿಯನ್ನೂ ಮನೆಗೆ ತರಲಿಲ್ಲ, ತಂದರೆ ಬಾಗಿಲು ತೆಗೆಯುವುದಿಲ್ಲ ಎಂದು ನಾನು ಹೇಳಿದ್ದೆ. ಆದರೆ ಕಥೆ ಮಾತ್ರ ಇವರ ಜೊತೆ ಊರಿಂದೂರಿಗೆ ವರ್ಗವಾಗುತ್ತ ಬಂತು. ಹೇಳಿ ಹೇಳಿ ಈಗ ಇವರಿಗೂ ಅದೇ ನಿಜವೆಂದು ತೋರುತ್ತದೋ ಏನೋ.

ಸನ್ಮಾನದ ಆ ಫ್ಲೆಕ್ಸನ್ನು ಯಾರೋ ಸುತ್ತಿ ಮನೆಗೆ ಕಳಿಸಿದ್ದರು. ನಿನ್ನೆ ಸುಮಾ ತನ್ನ ಮಗಳನ್ನು ಕರೆದುಕೊಂಡು ಬಂದಿದ್ದಳು. ಮೊಮ್ಮಗಳಿಗೆ ಐದು ವರ್ಷ. ಅದು ಫ್ಲೆಕ್ಸನ್ನು ನೆಲದ ಮೇಲೆ ಬಿಡಿಸಿ, ಮರಿಯ ಮೂಗಿನ ಮೇಲೆ ಬೆರಳಿಟ್ಟು ಕೇಳಿತು: "ಅಜ್ಜಿ, ಇದು ಯಾಕೆ ಅಜ್ಜನ ನೋಡ್ತಿಲ್ಲ? ಆಚೆ ನೋಡ್ತಿದೆ?"

"ಆಚೆ ನಾನಿದ್ದೆ" ಎಂದೆ.

"ಇದು ಮೊಸರನ್ನ ತಿಂತಿತ್ತಂತೆ ಹೌದಾ? ಅಜ್ಜ ಹೇಳಿದ್ರು."

ಇವರು ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು. ಪುಟ ಮಗುಚುವ ಕೈ ನಿಂತಿತು. ಸುಮಾ ನನ್ನ ಮುಖ ನೋಡಿದಳು.

"ಇಲ್ಲ ಪುಟ್ಟಾ" ಎಂದೆ. "ಅದು ಮೀನು ತಿಂತಿತ್ತು. ಮೊಸರನ್ನ ಹಾಕಿ ಹಾಕಿ ನಾವು ಅದನ್ನ ಕೊಂದ್ವಿ."